ವೇಗ, ದೂರ, ಸಮಯ: ಮೊದಲು ಬದಲಾಗದೇ ಇರುವುದನ್ನು ಹುಡುಕಿ

ದೂರ ಅಂದರೆ ವೇಗ ಗುಣಿಸು ಸಮಯ. ಈ ಸೂತ್ರವನ್ನು ಯಾವ ವಿದ್ಯಾರ್ಥಿಯನ್ನು ಕೇಳಿದರೂ ಥಟ್ಟನೆ ಹೇಳುತ್ತಾರೆ. ಮೂಲೆಯಲ್ಲಿ ತ್ರಿಕೋನ ಬರೆದು ಮೂರು ಅಕ್ಷರ ತುಂಬಿಸಿಯೂ ಇಡುತ್ತಾರೆ. ಆದರೂ ಲೆಕ್ಕ ತಪ್ಪುತ್ತದೆ. ಯಾಕೆಂದರೆ ಸೂತ್ರ ಗುಣಾಕಾರ, ಭಾಗಾಕಾರ ಹೇಳಿಕೊಡುತ್ತದೆ ಅಷ್ಟೇ. ಪ್ರಶ್ನೆ ಏನು ಕೇಳುತ್ತಿದೆ ಅಂತ ಅದು ಹೇಳುವುದಿಲ್ಲ.

ಹಾಗಾಗಿ ನಾನು ಪಾಠ ಮಾಡುವಾಗ ಪೆನ್ನು ಹಿಡಿಯುವ ಮೊದಲೇ ಒಂದು ಪ್ರಶ್ನೆ ಕೇಳುತ್ತೇನೆ: ಈ ಲೆಕ್ಕದಲ್ಲಿ ಬದಲಾಗದೇ ಇರುವುದು ಯಾವುದು? ದೂರವೋ, ಸಮಯವೋ, ವೇಗವೋ?

ಎಲ್ಲರನ್ನೂ ಬೀಳಿಸುವ ಲೆಕ್ಕವನ್ನೇ ನೋಡಿ. ಹೋಗುವಾಗ ಗಂಟೆಗೆ 60 ಕಿ.ಮೀ., ಅದೇ ದಾರಿಯಲ್ಲಿ ಬರುವಾಗ ಗಂಟೆಗೆ 40 ಕಿ.ಮೀ. ಸರಾಸರಿ ವೇಗ ಎಷ್ಟು? ಹತ್ತರಲ್ಲಿ ಒಂಬತ್ತು ಜನ 50 ಅನ್ನುತ್ತಾರೆ. ದೂರವನ್ನು 120 ಕಿ.ಮೀ. ಅಂತ ಇಟ್ಟುಕೊಳ್ಳೋಣ. ಹೋಗಲು 2 ಗಂಟೆ, ಬರಲು 3 ಗಂಟೆ. ಒಟ್ಟು 240 ಕಿ.ಮೀ., 5 ಗಂಟೆ. ಸರಾಸರಿ 48. ಆ ಎರಡು ಕಿ.ಮೀ. ಎಲ್ಲಿ ಹೋಯಿತು? ನಿಧಾನವಾಗಿ ಬಂದಾಗ ದಾರಿಯಲ್ಲಿ ಕಳೆದ ಸಮಯವೇ ಜಾಸ್ತಿ ಅಲ್ವಾ? ಸರಾಸರಿ ಆ ಕಡೆಗೆ ವಾಲುತ್ತದೆ. ಅದೇ ಪ್ರಶ್ನೆ "ಒಂದು ಗಂಟೆ 60ರಲ್ಲಿ, ಇನ್ನೊಂದು ಗಂಟೆ 40ರಲ್ಲಿ" ಅಂತಿದ್ದರೆ 50 ಸರಿಯಾದ ಉತ್ತರ. ಮೊದಲನೆಯದರಲ್ಲಿ ದೂರ ಸಮ, ಎರಡನೆಯದರಲ್ಲಿ ಸಮಯ ಸಮ. ಅಂಕಿಗಳು ಅವೇ, ಉತ್ತರ ಬೇರೆ.

120 ಎಲ್ಲಿಂದ ಬಂತು ಅಂತ ಕೇಳಬಹುದು. ಸುಮ್ನೆ ಇಟ್ಟುಕೊಂಡಿದ್ದು. 60ಕ್ಕೂ 40ಕ್ಕೂ ಶೇಷವಿಲ್ಲದೆ ಭಾಗವಾಗುತ್ತದೆ, ಅಷ್ಟೇ ಕಾರಣ. ದೂರ ಕೊಡದಿದ್ದರೆ ವೇಗಗಳ ಲ.ಸಾ.ಅ. (ಎರಡರಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಹಿಡಿದುಕೊಳ್ಳಿ, ಭಿನ್ನರಾಶಿಯ ಕಾಟ ತಪ್ಪುತ್ತದೆ.

ದೂರ ಬದಲಾಗದಿದ್ದರೆ ಇನ್ನೊಂದು ಅನುಕೂಲವಿದೆ. ವೇಗ ಮತ್ತು ಸಮಯ ಉಲ್ಟಾ ಅನುಪಾತದಲ್ಲಿ ಇರುತ್ತವೆ. ಮಾಮೂಲಿ ವೇಗದ ಮುಕ್ಕಾಲು ಪಾಲಿನಲ್ಲಿ ಹೋದವನು 20 ನಿಮಿಷ ತಡವಾಗಿ ತಲುಪುತ್ತಾನೆ, ಮಾಮೂಲಿ ಸಮಯ ಎಷ್ಟು? ಕಿಲೋಮೀಟರ್ ಲೆಕ್ಕವೇ ಇಲ್ಲ ಅಂತ ಗಾಬರಿ ಬೇಡ. ವೇಗ 3/4 ಆದರೆ ಸಮಯ 4/3. ಹೆಚ್ಚಾದದ್ದು 1/3 ಭಾಗ, ಅದು 20 ನಿಮಿಷ. ಮಾಮೂಲಿ ಸಮಯ 60 ನಿಮಿಷ. ಸೂತ್ರ ಬೇಕಾಗಲೇ ಇಲ್ಲ.

ಸ್ವಲ್ಪ ಗಟ್ಟಿ ಲೆಕ್ಕ: ಗಂಟೆಗೆ 4 ಕಿ.ಮೀ. ವೇಗದಲ್ಲಿ ನಡೆದರೆ 10 ನಿಮಿಷ ತಡ, 5 ಕಿ.ಮೀ. ವೇಗದಲ್ಲಿ ನಡೆದರೆ 5 ನಿಮಿಷ ಮೊದಲೇ. ದೂರ ಎಷ್ಟು? ಇಲ್ಲಿ 10ರಿಂದ 5 ಕಳೆಯುವವರೇ ಹೆಚ್ಚು. ಒಂದು ತಡ, ಒಂದು ಬೇಗ. ಎರಡು ನಡಿಗೆಗಳ ನಡುವಿನ ಅಂತರ 15 ನಿಮಿಷ. ವೇಗಗಳು 4:5, ಹಾಗಾದರೆ ಸಮಯಗಳು 5:4. ಒಂದು ಭಾಗದ ವ್ಯತ್ಯಾಸ 15 ನಿಮಿಷ, ಅಂದರೆ ಸಮಯಗಳು 75 ಮತ್ತು 60 ನಿಮಿಷ. 5 ಕಿ.ಮೀ. ವೇಗದಲ್ಲಿ ಒಂದು ಗಂಟೆ, ದೂರ 5 ಕಿ.ಮೀ.

ಅಳತೆಯ ವಿಷಯ ಬೇಗ ಮುಗಿಸುತ್ತೇನೆ. ಗಂಟೆಗೆ ಕಿ.ಮೀ.ಯಿಂದ ಸೆಕೆಂಡಿಗೆ ಮೀಟರ್‌ಗೆ ಹೋಗಲು 5/18ರಿಂದ ಗುಣಿಸಿ. ಅದು 1000 ಭಾಗಿಸು 3600 ಅನ್ನುವುದರ ಚಿಕ್ಕ ರೂಪ. 72 ಕಿ.ಮೀ. ಅಂದರೆ ಸೆಕೆಂಡಿಗೆ 20 ಮೀ. ಇನ್ನೊಂದು, 1 ಗಂಟೆ 20 ನಿಮಿಷವನ್ನು 1.2 ಅಂತ ಬರೆಯಬೇಡಿ. ಅದು 4/3 ಗಂಟೆ. ಉತ್ತರ ಪತ್ರಿಕೆಗಳಲ್ಲಿ ನಾನು ಜಾಸ್ತಿ ಕೆಂಪು ಗೆರೆ ಎಳೆದಿರುವುದು ಇದಕ್ಕೇ ಇರಬೇಕು.

ರೈಲಿನ ಲೆಕ್ಕದಲ್ಲಿ ಕಷ್ಟವೆಲ್ಲ ದೂರ ಯಾವುದು ಅನ್ನುವುದರಲ್ಲಿದೆ. 150 ಮೀ. ಉದ್ದದ ರೈಲು ಗಂಟೆಗೆ 54 ಕಿ.ಮೀ., ಅಂದರೆ ಸೆಕೆಂಡಿಗೆ 15 ಮೀ. ವೇಗದಲ್ಲಿ ಹೋಗುತ್ತಿದೆ. ಕಂಬ ದಾಟಲು ಅದು ತನ್ನ ಉದ್ದದಷ್ಟು ಸಾಗಿದರೆ ಸಾಕು, 10 ಸೆಕೆಂಡು. 300 ಮೀ. ಪ್ಲಾಟ್‌ಫಾರ್ಮ್ ದಾಟಲು ಕೊನೆಯ ಬೋಗಿಯೂ ಆಚೆ ಹೋಗಬೇಕು, ಹಾಗಾಗಿ 450 ಮೀ., 30 ಸೆಕೆಂಡು. ಪ್ಲಾಟ್‌ಫಾರ್ಮಿನ ಉದ್ದ ಮಾತ್ರ ತೆಗೆದುಕೊಂಡರೆ ಹಿಂದಿನ ಬೋಗಿಗಳು ಅಲ್ಲೇ ಉಳಿದಿರುತ್ತವೆ!

ಎರಡು ವಾಹನಗಳಿದ್ದರೆ ಒಂದನ್ನು ಮನಸ್ಸಿನಲ್ಲೇ ನಿಲ್ಲಿಸಿಬಿಡಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಒಂದು ಹೊರಟಿತು, ಒಂದು ಗಂಟೆ ಬಿಟ್ಟು ಇನ್ನೊಂದು 60ರಲ್ಲಿ ಬೆನ್ನಟ್ಟಿತು. ಮಧ್ಯದ ಅಂತರ 40 ಕಿ.ಮೀ., ಅದು ಗಂಟೆಗೆ 20ರಂತೆ ಕರಗುತ್ತದೆ. 2 ಗಂಟೆಯಲ್ಲಿ ಹಿಡಿಯುತ್ತದೆ. ಎದುರುಬದುರಾಗಿ ಬಂದರೆ ವೇಗ ಕೂಡಿಸಿ.

ಕೊನೆಗೆ ಒಂದು ತುಂಟ ಲೆಕ್ಕ. 60 ಕಿ.ಮೀ. ಪ್ರಯಾಣದ ಮೊದಲ ಅರ್ಧ ದೂರವನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗಿದ್ದೀರಿ. ಒಟ್ಟು ಸರಾಸರಿ 60 ಆಗಬೇಕಾದರೆ ಉಳಿದರ್ಧ ಎಷ್ಟು ವೇಗದಲ್ಲಿ ಹೋಗಬೇಕು? 90 ಅನ್ನಬೇಡಿ. ಸರಾಸರಿ 60 ಬರಬೇಕಾದರೆ ಇಡೀ ಪ್ರಯಾಣ ಒಂದು ಗಂಟೆಯಲ್ಲಿ ಮುಗಿಯಬೇಕು. ಆ ಒಂದು ಗಂಟೆ ಮೊದಲ 30 ಕಿ.ಮೀ.ಗೇ ಖರ್ಚಾಗಿದೆ. ಎಷ್ಟು ವೇಗವಾಗಿ ಹೋದರೂ ಆಗದು. ಇಂಥ ಪ್ರಶ್ನೆಗೆ "ಸಾಧ್ಯವಿಲ್ಲ" ಅಂತಲೇ ಬರೆಯಿರಿ, ಪಕ್ಕದಲ್ಲಿ ಕಾರಣವನ್ನೂ ಬರೆಯಿರಿ.