ಹೈಂಕೆಲ್ 177ಕ್ಕೆ ಎಂಜಿನ್ ಎರಡೋ, ನಾಲ್ಕೋ?

ಓದುಗರ ಪ್ರಶ್ನೆ: ಎರಡನೇ ಮಹಾಯುದ್ಧದ ಜರ್ಮನಿಯ ಭಾರೀ ಬಾಂಬರ್ ಹೈಂಕೆಲ್ 177ಕ್ಕೆ ನಾಲ್ಕು ಎಂಜಿನ್ ಇತ್ತು ಅಂತ ಓದಿದ್ದೇನೆ. ಆದರೆ ಫೋಟೋದಲ್ಲಿ ಎರಡೇ ಪ್ರೊಪೆಲ್ಲರ್ ಕಾಣುತ್ತವೆ. ಯಾವುದು ಸರಿ?

ಎರಡೂ ಸರಿ. ಈ ವಿಮಾನದ ಫೋಟೋ ನೋಡಿದವರೆಲ್ಲ ಕೇಳುವ ಪ್ರಶ್ನೆ ಇದು. ಇದಕ್ಕೆ ಉತ್ತರ ಹೇಳಹೊರಟರೆ ಆ ವಿಮಾನದ ಇಡೀ ಕಥೆಯನ್ನೇ ಹೇಳಬೇಕಾಗುತ್ತದೆ.

ಎಡಕ್ಕೊಂದು, ಬಲಕ್ಕೊಂದು ಎಂಜಿನ್ ಗೂಡು. ಒಂದೊಂದು ಗೂಡಿನೊಳಗೂ ಅಕ್ಕಪಕ್ಕ ಎರಡೆರಡು ಎಂಜಿನ್. ಆ ಎರಡಕ್ಕೂ ಮುಂದೆ ಒಂದೇ ಗೇರ್‌ಬಾಕ್ಸ್, ಒಂದೇ ಪ್ರೊಪೆಲ್ಲರ್. ಒಂದು ನೊಗಕ್ಕೆ ಎರಡು ಎತ್ತು ಕಟ್ಟಿದ ಹಾಗೆ. ಡೈಮ್ಲರ್-ಬೆಂಜ್ ಕಂಪನಿಯ ಎರಡು ಡಿಬಿ 601 ಎಂಜಿನ್‌ಗಳನ್ನು ಹೀಗೆ ಜೋಡಿಸಿ ಡಿಬಿ 606 ಅಂತ ಹೆಸರಿಟ್ಟಿದ್ದರು. ಒಂದು ಜೋಡಿಗೆ 24 ಸಿಲಿಂಡರ್, ಸುಮಾರು ಒಂದೂವರೆ ಟನ್ ತೂಕ. ಅದು ತಿರುಗಿಸುತ್ತಿದ್ದ ಪ್ರೊಪೆಲ್ಲರ್‌ನ ಅಡ್ಡಳತೆ ನಾಲ್ಕೂವರೆ ಮೀಟರ್. ಎರಡಾಳು ಎತ್ತರಕ್ಕಿಂತ ಜಾಸ್ತಿ!

ಯಾಕೆ ಹೀಗೆ ಮಾಡಿದರು? ಗಾಳಿಯ ತಡೆ ಕಡಿಮೆ ಮಾಡೋಕೆ. 1936ರಲ್ಲಿ ಜರ್ಮನಿಯ ವಾಯುಯಾನ ಸಚಿವಾಲಯ ತುಂಬಾ ದೂರ, ತುಂಬಾ ವೇಗವಾಗಿ ಹಾರುವ ಬಾಂಬರ್ ಬೇಕು ಅಂದಿತು. ರೆಕ್ಕೆಯ ಮೇಲೆ ನಾಲ್ಕು ಗೂಡು ಇದ್ದರೆ ಗಾಳಿ ನಾಲ್ಕು ಕಡೆ ತಡೆಯುತ್ತದೆ, ಎರಡಿದ್ದರೆ ಎರಡೇ ಕಡೆ. ಹೈಂಕೆಲ್ ಕಂಪನಿಯ ವಿನ್ಯಾಸಕ ಜೀಗ್‌ಫ್ರೀಡ್ ಗ್ಯೂಂಟರ್ ಮಾಡಿದ ಈ ಲೆಕ್ಕ ತಪ್ಪೇನಲ್ಲ. ಕಾಗದದ ಮೇಲೆ ಅದು ಚೆನ್ನಾಗಿಯೇ ಇತ್ತು.

ಕೆಡಿಸಿದ್ದು ಆಮೇಲೆ ಬಂದ ಬೇಡಿಕೆ. 1937ರ ನವೆಂಬರಿನಲ್ಲಿ, ಈ ವಿಮಾನ ಮೇಲಿನಿಂದ ಧುಮುಕಿ ಬಾಂಬ್ ಹಾಕುವಂತಿರಬೇಕು ಅಂತ ಹುಕುಂ ಬಂತು. ಪುಟ್ಟ ಸ್ಟೂಕಾ ವಿಮಾನಗಳು ಹೀಗೆ ಧುಮುಕಿ ಗುರಿ ಹೊಡೆಯುವುದನ್ನು ನೋಡಿ, ಅಧಿಕಾರಿಗಳಿಗೆ ಎಲ್ಲ ಬಾಂಬರ್‌ಗಳೂ ಧುಮುಕಲಿ ಅನ್ನಿಸಿತ್ತು. ರೆಕ್ಕೆಯ ಅಗಲ 31 ಮೀಟರ್, ತುಂಬಿದಾಗ ತೂಕ 30 ಟನ್ ದಾಟುವ ಯಂತ್ರ ಅದು. ಅದನ್ನು ಧುಮುಕಿಸಿ ಮತ್ತೆ ಮೇಲೆತ್ತಬೇಕು ಅಂದರೆ ರೆಕ್ಕೆ ಗಟ್ಟಿ ಮಾಡಬೇಕು. ಗಟ್ಟಿ ಮಾಡಿದರೆ ತೂಕ ಏರುತ್ತದೆ. ತೂಕ ಏರಿದರೆ ಎಂಜಿನ್ ಇನ್ನಷ್ಟು ಏದುಸಿರು ಬಿಡಬೇಕು. 1938ರಲ್ಲಿ ಎರಡು ಮಾದರಿ ವಿಮಾನಗಳಿಗಾದರೂ ನಾಲ್ಕು ಬಿಡಿ ಎಂಜಿನ್ ಹಾಕ್ತೀವಿ ಅಂತ ಕಂಪನಿಯ ಒಡೆಯ ಹೈಂಕೆಲ್ ಕೇಳಿಕೊಂಡರು. ಸಚಿವಾಲಯ ಒಪ್ಪಲಿಲ್ಲ. ನನ್ನ ಪ್ರಕಾರ ಈ ವಿಮಾನದ ಹಣೆಬರಹ ಅಲ್ಲೇ ಬರೆದಾಯಿತು.

1939ರ ನವೆಂಬರಿನಲ್ಲಿ ಮೊದಲ ಹಾರಾಟ. ಎಂಜಿನ್ ಕಾದು, 12 ನಿಮಿಷಕ್ಕೇ ಇಳಿಸಬೇಕಾಯಿತು.

ಆ ಗೂಡಿನೊಳಗೆ ಒಮ್ಮೆ ಇಣುಕಿ ನೋಡೋಣ. ಎರಡೂ ಎಂಜಿನ್ ಒಂದರ ಕಡೆಗೊಂದು ವಾಲಿಕೊಂಡು ಕೂತಿವೆ. ಒಳಬದಿಯ 12 ಸಿಲಿಂಡರ್‌ಗಳ ಹೊಗೆಯೆಲ್ಲ ನಡುವಿನ ಒಂದೇ ಕೊಳವೆಯಿಂದ ಆಚೆ ಹೋಗಬೇಕು. ಆ ಕೊಳವೆ ಕೆಂಡದ ಹಾಗೆ ಕಾಯುತ್ತಿತ್ತು. ಸೋರಿದ ಎಣ್ಣೆ, ಗ್ರೀಸು ಬಂದು ನಿಲ್ಲುತ್ತಿದ್ದದ್ದು ಅದರ ಕೆಳಗೇ. ಉರಿಯುವ ಒಲೆಯ ಪಕ್ಕ ಎಣ್ಣೆ ಡಬ್ಬಿ ಇಟ್ಟರೆ ಏನಾಗುತ್ತೆ? ಇಲ್ಲೂ ಅದೇ ಆಯಿತು. ಇಂಧನದ ಪೈಪು, ಎಣ್ಣೆ ಪೈಪು, ವಿದ್ಯುತ್ ತಂತಿ ಎಲ್ಲವನ್ನೂ ಒತ್ತೊತ್ತಾಗಿ ತುರುಕಿದ್ದರು. ಬೆಂಕಿ ಹಿಂದಕ್ಕೆ ಹರಡದಂತೆ ತಡೆಯುವ ಗೋಡೆ ಇರಲಿಲ್ಲ. ಎತ್ತರಕ್ಕೆ ಏರಿದಾಗ ಎಣ್ಣೆ ನೊರೆಯಾಗಿ ಬೇರಿಂಗ್‌ಗಳು ಒಣಗಿ ಕಿತ್ತುಹೋಗುತ್ತಿದ್ದವು. ಇದರಲ್ಲಿ ಹಾರಿದ ಹುಡುಗರು ಇದಕ್ಕೆ ವಾಯುಪಡೆಯ ಸಿಗರೇಟ್ ಲೈಟರ್ ಅಂತ ಹೆಸರಿಟ್ಟಿದ್ದರು.

1942ರಲ್ಲಿ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಈ ಬೆಸೆದ ಎಂಜಿನ್‌ಗಳ ಬಗ್ಗೆ ಕೂಗಾಡಿದ. ಧುಮುಕುವ ಷರತ್ತನ್ನೂ ಕೈಬಿಟ್ಟ. ಅಷ್ಟು ಹೊತ್ತಿಗೆ ಐದು ವರ್ಷ ಕಳೆದಿತ್ತು. 1943ರ ಜನವರಿಯಲ್ಲಿ ಸ್ಟಾಲಿನ್‌ಗ್ರಾಡ್‌ನಲ್ಲಿ ಸಿಕ್ಕಿಬಿದ್ದ ಜರ್ಮನ್ ಸೈನ್ಯಕ್ಕೆ ಸಾಮಾನು ಸಾಗಿಸಲು ಕೆಲವು ವಿಮಾನಗಳನ್ನು ಕಳಿಸಿದರು. ಅಲ್ಲೂ ಹಲವು ಬೆಂಕಿಗೇ ಆಹುತಿಯಾದವು.

ಆದರೆ ಇದು ಬರೀ ತನ್ನವರನ್ನೇ ಕೊಂದ ವಿಮಾನ ಅಂದುಕೊಳ್ಳಬೇಡಿ. 1943ರ ನವೆಂಬರ್ 26ರ ಸಂಜೆ, ಅಲ್ಜೀರಿಯಾದ ಕರಾವಳಿಯಾಚೆ ಮಿತ್ರಪಕ್ಷದ ಹಡಗುಗಳ ಸಾಲು ಪೂರ್ವಕ್ಕೆ ಹೊರಟಿತ್ತು. ಅದರಲ್ಲಿದ್ದ ರೋಹ್ನಾ ಎಂಬ ಹಡಗು ಬ್ರಿಟಿಷ್ ಇಂಡಿಯಾ ಎಂಬ ಹಡಗು ಕಂಪನಿಯದು. ಯುದ್ಧಕ್ಕೆ ಮುಂಚೆ ಮದ್ರಾಸಿನಿಂದ ಸಿಂಗಾಪುರದ ಕಡೆಗೆ ಜನರನ್ನು ಒಯ್ಯುತ್ತಿದ್ದ ಹಡಗು. ಈಗ ಅದರ ತುಂಬಾ ಭಾರತದ ಕಡೆ ಹೊರಟ ಅಮೆರಿಕನ್ ಸೈನಿಕರಿದ್ದರು. ಹೈಂಕೆಲ್ 177 ಒಂದು, ರೆಕ್ಕೆಯಿದ್ದ ಎಚ್‌ಎಸ್ 293 ಬಾಂಬನ್ನು ದೂರದಿಂದಲೇ ಬಿಟ್ಟಿತು. ವಿಮಾನದ ಮೂತಿಯಲ್ಲಿ ಕೂತವನು ಬಾಂಬಿನ ಬಾಲದಲ್ಲಿ ಉರಿಯುವ ಬೆಳಕನ್ನು ನೋಡುತ್ತಾ, ಕೈಯಲ್ಲಿನ ಪುಟ್ಟ ಕಡ್ಡಿ ಅಲುಗಿಸಿ ರೇಡಿಯೋ ಮೂಲಕ ಅದನ್ನು ಹಡಗಿನ ಮಗ್ಗುಲಿಗೇ ನಡೆಸಿದ. ಸತ್ತವರು 1,100ಕ್ಕೂ ಹೆಚ್ಚು. ಅದರಲ್ಲಿ ಸಾವಿರಕ್ಕೂ ಜಾಸ್ತಿ ಅಮೆರಿಕನ್ನರು. ಹಡಗಿನ ಕೆಲಸಗಾರರಲ್ಲೂ ನೂರಕ್ಕೂ ಹೆಚ್ಚು ಜನ ಹೋದರು. ಅವರಲ್ಲಿ ಬಹುಪಾಲು ಭಾರತದಿಂದ ಹೋಗಿದ್ದ ನಾವಿಕರು. ಈ ಹೊಸ ಅಸ್ತ್ರದ ವಿಷಯ ಹೊರಬೀಳಬಾರದು ಅಂತ ಸುದ್ದಿಯನ್ನೇ ಮುಚ್ಚಿಟ್ಟರು. ಈ ವಿಮಾನದ ಬಗ್ಗೆ ಬರೆಯುವವರು ಎಂಜಿನ್ ಬೆಂಕಿಯ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಆ ನಾವಿಕರನ್ನು ಮರೆಯುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಹಾಗೆಯೇ ಒರಾನಿಯನ್‌ಬುರ್ಗ್‌ನಲ್ಲಿದ್ದ ಹೈಂಕೆಲ್ ಕಾರ್ಖಾನೆಯಲ್ಲಿ ಸಾಕ್ಸನ್‌ಹೌಸನ್ ಸೆರೆಶಿಬಿರದ ಸಾವಿರಾರು ಕೈದಿಗಳನ್ನು ದುಡಿಸಿಕೊಂಡದ್ದನ್ನೂ ಮರೆಯಬಾರದು.

1944ರ ಫೆಬ್ರವರಿ 13ರ ರಾತ್ರಿ ಗೋರಿಂಗ್ ತಾನೇ ಜರ್ಮನಿಯ ರೈನೆ ವಿಮಾನ ನಿಲ್ದಾಣಕ್ಕೆ ಬಂದು ನಿಂತಿದ್ದ. ಲಂಡನ್ ಮೇಲೆ ದಾಳಿಗೆ 14 ವಿಮಾನ ಹೊರಟವು. ಒಂದರ ಟಯರ್ ಸಿಡಿಯಿತು. ಹಾರಿದ 13ರಲ್ಲಿ ಎಂಟು, ಎಂಜಿನ್ ಕಾದು ಅಥವಾ ಉರಿದು ಕೂಡಲೇ ವಾಪಸ್ ಬಂದವು. ಲಂಡನ್ ತಲುಪಿದ್ದು ನಾಲ್ಕು.

ಎಂಜಿನ್ ಕೂರಿಸುವ ಜಾಗ ಬದಲಿಸಿ, ಪೈಪುಗಳನ್ನು ಸರಿಮಾಡಿ, ಸಿಬ್ಬಂದಿಗೆ ತರಬೇತಿ ಕೊಟ್ಟ ಮೇಲೆ ಬೆಂಕಿ ನಿಜವಾಗಿಯೂ ಕಡಿಮೆಯಾಯಿತು. 1944ರ ಬೇಸಿಗೆಯಲ್ಲಿ ಪೂರ್ವ ಪ್ರಷ್ಯಾದಿಂದ ಹೊರಟ 80ಕ್ಕೂ ಹೆಚ್ಚು ಹೈಂಕೆಲ್ 177ಗಳು ರಷ್ಯಾದ ವೆಲಿಕಿಯೆ ಲೂಕಿಯ ರೈಲ್ವೆ ಕೇಂದ್ರದ ಮೇಲೆ ಒಟ್ಟಿಗೆ ದಾಳಿ ಮಾಡಿದವು. ಅಷ್ಟರಲ್ಲಿ ಜರ್ಮನಿಯ ಇಂಧನ ಕಾರ್ಖಾನೆಗಳ ಮೇಲೆ ಅಮೆರಿಕನ್ ಬಾಂಬುಗಳು ಬೀಳತೊಡಗಿದ್ದವು. ಒಂದು ಸಲ ಇಷ್ಟು ವಿಮಾನ ಹಾರಿಸೋಕೆ ನೂರಾರು ಟನ್ ಪೆಟ್ರೋಲ್ ಬೇಕು. ಅಷ್ಟನ್ನು ಎಲ್ಲಿಂದ ತರೋದು? ಒಟ್ಟು 1,100ಕ್ಕೂ ಹೆಚ್ಚು ವಿಮಾನ ಕಟ್ಟಿದ್ದರು, ಹೆಚ್ಚಿನವು ಕೊನೆಗೆ ಸುಮ್ನೆ ನಿಂತವು.

ನಾಲ್ಕು ಬಿಡಿ ಎಂಜಿನ್‌ನ ಮಾದರಿಗಳೂ 1943ರ ಕೊನೆಯ ಹೊತ್ತಿಗೆ ಬಂದವು, ಆದರೆ ಯುದ್ಧಕ್ಕೆ ಹೋಗಲಿಲ್ಲ. ಇದೇ ವಂಶದ ಹೈಂಕೆಲ್ 274 ಅನ್ನು ಪ್ಯಾರಿಸ್ ಪಕ್ಕದ ಸ್ಯುರೆನ್‌ನಲ್ಲಿ ಕಟ್ಟುತ್ತಿದ್ದರು. ಜರ್ಮನ್ನರು ಬಿಟ್ಟುಹೋದ ಆ ವಿಮಾನವನ್ನು ಫ್ರೆಂಚರು ಮುಗಿಸಿ 1945ರ ಡಿಸೆಂಬರಿನಲ್ಲಿ ಹಾರಿಸಿದರು. ಅದರ ಫೋಟೋ ಸಿಕ್ಕರೆ ನೋಡಿ. ನಾಲ್ಕು ಗೂಡು, ನಾಲ್ಕು ಪ್ರೊಪೆಲ್ಲರ್ ಎಣಿಸಬಹುದು.