ಖಡಕ್ ಸಾಹೇಬರು ಬಂದರೆ ಕಚೇರಿ ನೆಟ್ಟಗಾಗುತ್ತಾ?

ಪ್ರಶ್ನೆ: ಸರ್ಕಾರಿ ಕಚೇರಿ ಅಂದ ಮೇಲೆ ಮೇಲಿನವರ ಭಯ ಇರಲೇಬೇಕಲ್ವಾ? ಇಲ್ಲದಿದ್ದರೆ ಯಾರು ಕೆಲಸ ಮಾಡ್ತಾರೆ?

ಉತ್ತರ: ಈ ಪ್ರಶ್ನೆ ಬಾರದ ತಿಂಗಳಿಲ್ಲ. ಜೊತೆಗೆ ಒಂದು ಸಾಕ್ಷಿಯೂ ಬಂದೇ ಬರುತ್ತದೆ: "ಹೊಸ ಸಾಹೇಬರು ಬಂದ ಮೇಲೆ ಅಂಕಿಅಂಶ ಎಲ್ಲಾ ಸುಧಾರಿಸಿದೆ." ಸುಧಾರಿಸಿದ್ದು ಅಂಕಿಯೋ, ಕೆಲಸವೋ? ಅದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಅಮೆರಿಕದ ಅಟ್ಲಾಂಟಾ ನಗರದ ಸರ್ಕಾರಿ ಶಾಲೆಗಳನ್ನೇ ನೋಡಿ. ಮಕ್ಕಳ ಅಂಕಕ್ಕೆ ಗುರಿ ಇತ್ತು. ಗುರಿ ಮುಟ್ಟದ ಮುಖ್ಯಶಿಕ್ಷಕರ ಕುರ್ಚಿ ಅಲುಗಾಡುತ್ತಿತ್ತು. ಫಲಿತಾಂಶ ಏರುತ್ತಲೇ ಹೋಯಿತು. 2009ರಲ್ಲಿ ಅಲ್ಲಿನ ಮುಖ್ಯಸ್ಥೆಗೆ ದೇಶದ ಅತ್ಯುತ್ತಮ ಶಾಲಾ ಆಡಳಿತಗಾರ್ತಿ ಎಂಬ ಪ್ರಶಸ್ತಿಯೂ ಬಂತು. 2011ರಲ್ಲಿ ರಾಜ್ಯ ಸರ್ಕಾರದ ತನಿಖಾ ವರದಿ ಹೊರಬಿತ್ತು. 44 ಶಾಲೆಗಳ 178 ಶಿಕ್ಷಕರು, ಮುಖ್ಯಶಿಕ್ಷಕರು ಮೋಸದಲ್ಲಿ ಭಾಗಿ ಎಂದು ಅದು ಹೇಳಿತು. ಮಕ್ಕಳ ತಪ್ಪು ಉತ್ತರವನ್ನು ಅಳಿಸಿ ಸರಿ ಉತ್ತರ ಗುರುತು ಮಾಡಿದ್ದರು. ಅಂಕ ಕಡಿಮೆ ಬಂತೆಂದು ಶಿಕ್ಷಕರೊಬ್ಬರನ್ನು ಸಭೆಯಲ್ಲಿ ಎಲ್ಲರೆದುರು ಮೇಜಿನ ಕೆಳಗೆ ತೆವಳಿಸಿದ್ದೂ ವರದಿಯಲ್ಲಿದೆ. ಸರಿಯಾಗಿ ಓದಲು ಬಾರದ ಮಗು ಪಾಸಾಯಿತು. ಪಾಸಾದ್ದರಿಂದ ಅದಕ್ಕೆ ಸಿಗಬೇಕಿದ್ದ ವಿಶೇಷ ಪಾಠವೂ ತಪ್ಪಿತು.

"ಅದು ಶಾಲೆಯ ಕತೆ" ಅನ್ನಬೇಡಿ. ಅಮೆರಿಕದ ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಗಳಲ್ಲಿ 14 ದಿನದೊಳಗೆ ಡಾಕ್ಟರ ಭೇಟಿ ಸಿಗಬೇಕು ಎಂಬ ಗುರಿ ಇತ್ತು. 2014ರಲ್ಲಿ ಫೀನಿಕ್ಸ್ ನಗರದಲ್ಲಿ ತನಿಖೆ ಮಾಡಿದಾಗ, ಕಾಯುತ್ತಿದ್ದ 1,700 ಜನರ ಹೆಸರು ಅಧಿಕೃತ ಪಟ್ಟಿಯಲ್ಲೇ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದವರು ಕಾಯುತ್ತಿರುವುದು ಯಾವ ಲೆಕ್ಕಕ್ಕೆ ಬರಬೇಕು?

ಹೆದರಿದ ನೌಕರ ಮೊದಲು ತನ್ನ ತಲೆ ಕಾಯ್ದುಕೊಳ್ಳುತ್ತಾನೆ. ತಾನೇ ಸಹಿ ಹಾಕಬಹುದಾದ ಕಡತಕ್ಕೂ "ಆದೇಶಕ್ಕಾಗಿ ಮಂಡಿಸಿದೆ" ಎಂದು ಬರೆದು ಮೇಲಕ್ಕೆ ತಳ್ಳುತ್ತಾನೆ. ಸಾಹೇಬರ ಮೇಜಿನ ಮೇಲೆ ರಾಶಿ ಬೆಳೆಯುತ್ತದೆ, ಅವರು ಇನ್ನೂ ಜಾಸ್ತಿ ಕೂಗಾಡುತ್ತಾರೆ. ಬೇರೆ ಕಡೆ ಕೆಲಸ ಸಿಗುವಂಥವರು ಸುಮ್ನೆ ಹೊರಡುತ್ತಾರೆ. ಖಾಸಗಿ ಕಂಪನಿಯಾದರೆ ಗಿರಾಕಿಯೂ ಹೊರಟು ನಷ್ಟ ಕಣ್ಣಿಗೆ ಬೀಳುತ್ತದೆ. ಸರ್ಕಾರಿ ಸೇವೆಗೆ ಬಂದವರು ಎಲ್ಲಿಗೆ ಹೋಗಬೇಕು?

ಶಿಸ್ತು ಬೇಡ ಅಂದೆನೆಂದು ಮತ್ತೆ ಪತ್ರ ಬರೆಯಬೇಡಿ. ಲಂಚ ತಿಂದವರನ್ನು ಮನೆಗೆ ಕಳಿಸಿ. ಆದರೆ ತಪ್ಪಾಗಿದೆ ಎಂದು ತಾವಾಗಿ ಬಂದು ಹೇಳಿದವರಿಗೂ ಅದೇ ಶಿಕ್ಷೆ ಕೊಟ್ಟರೆ, ಮುಂದಿನ ತಪ್ಪು ನಿಮಗೆ ಪೇಪರಿನಲ್ಲೇ ಗೊತ್ತಾಗುತ್ತದೆ.

ಹಾಗಾದರೆ ತಪ್ಪಿನ ಸುದ್ದಿ ಯಾರ ಕೈಗೆ ಹೋಗಬೇಕು? ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಅಮೆರಿಕದ ಪೈಲಟ್‌ಗಳು 1976ರಿಂದ ತಮ್ಮ ತಪ್ಪುಗಳನ್ನು ಗುಟ್ಟಾಗಿ ಬರೆದು ಕಳಿಸುತ್ತಿದ್ದಾರೆ. ಅದು ಹೋಗುವುದು ಲೈಸೆನ್ಸ್ ಕಿತ್ತುಕೊಳ್ಳಬಲ್ಲ ಇಲಾಖೆಗಲ್ಲ, ನಾಸಾಗೆ. ನಾಸಾದವರು ಹೆಸರು ತೆಗೆದುಹಾಕುತ್ತಾರೆ. ಅರಿಯದೆ ಆದ ತಪ್ಪನ್ನು 10 ದಿನದೊಳಗೆ ಬರೆದವರಿಗೆ ಸಾಮಾನ್ಯವಾಗಿ ದಂಡವೂ ಇಲ್ಲ. ಅಪಘಾತಕ್ಕೆ, ಅಪರಾಧಕ್ಕೆ ಮಾತ್ರ ಈ ರಿಯಾಯಿತಿ ಸಿಗುವುದಿಲ್ಲ. ಹೀಗೆ ಬಂದ ವರದಿಗಳು ಇದುವರೆಗೆ 10 ಲಕ್ಷ ದಾಟಿವೆ.