ಮೊದಲು ಅವರ ಮನಿಗೇ ಹೋಗ್ರಿ, ಪಾಸ್ಟರ್ ಕಡೆ ಆಮೇಲೆ ಬರ್ರಿ

ನಮ್ಮ ಬೆಳಗಾವಿ ಕ್ರೈಸ್ತ ಸಭೆಗಳೊಳಗ, ಅಂದ್ರ ಚರ್ಚುಗಳೊಳಗ, ಇಬ್ಬರ ನಡುವ ಏನರ ಬಿರುಕು ಬಿತ್ತು ಅಂದ್ರ ಆ ಸುದ್ದಿ ಎಲ್ಲಾರಕಿಂತ ಕಡೀಗೆ ಯಾರಿಗೆ ಮುಟ್ಟತೈತಿ ಹೇಳ್ರಿ, ಸಿಟ್ಟು ಯಾರ ಮ್ಯಾಲ ಐತೋ ಅವರಿಗೆ. ಮೊದಲು ಅಕ್ಕಗ ಫೋನ್, ಆಮೇಲೆ ಮಹಿಳಾ ಕೂಟದ ಗೆಳತಿಗೆ, ಅಲ್ಲಿಂದ ಪಾಸ್ಟರ್ ಅಮ್ಮಾವರಿಗೆ, ಊರಾಗಿನ ಕ್ಯಾಂಪ್ ಪ್ರದೇಶದಾಗ ಮುಂಜಾನೆ ಆದ ಮಾತು ಸಂಜೀ ಅನ್ನೋದ್ರಾಗ ಖಾನಾಪುರದ ಬೀಗರ ಮನಿ ಮುಟ್ಟಿರತೈತಿ, ಆದ್ರ ಎದುರಿನವರಿಗೆ ಮಾತ್ರ ಯಾರೂ ಹೇಳಿರೂದಿಲ್ಲ. ಕ್ರೈಸ್ತ ಕುಟುಂಬಗಳ ಜೋಡಿ ಕೌನ್ಸೆಲಿಂಗ್ ಮಾಡಾಕಿ ನಾ, ನನ್ನ ಕಡೆ ಬಂದವರಿಗೆ ನಾ ಕೇಳೂ ಮೊದಲನೇ ಪ್ರಶ್ನೆ ಇದ: ಈ ಮಾತು ನೀವು ಅವರ ಮುಂದ ಹೇಳೀರೇನು? ಬಾಳ ಮಂದಿ ಇಲ್ಲ ಅಂತಾರ, ಇಲ್ಲಾ "ಅವರಿಗೆ ಗೊತ್ತೈತ್ರಿ, ಹೇಳೂದೇನೈತಿ" ಅಂತಾರ. ಗೊತ್ತಿರೂದಿಲ್ರಿ. ನಮ್ಮ ಎದಿಯೊಳಗ ಕುದಿಯೂದು ಎದುರಿನವರಿಗೆ ತಾನಾಗಿ ಹೆಂಗ ಗೊತ್ತಾಗಬೇಕು.

ಇನ್ನೊಂದು ಐತಿ, ಇದನ್ನ ನಾ ಮನಸ್ಸಿಗೆ ಬಾಳ ನೋವು ಮಾಡ್ಕೊಂಡ ಬರ್ಯಾಕತ್ತೀನಿ. ಪ್ರಾರ್ಥನಾ ವಿನಂತಿ ಅನ್ನೋ ಹೆಸರಿನಾಗ ಜಗಳ ಹಂಚೂದು. "ಇಂಥಾ ಸಹೋದರಿ ಮನ್ಯಾಗ ಸಮಾಧಾನ ಇಲ್ಲ, ಗಂಡನ ಜೋಡಿ ಮಾತಿಲ್ಲಂತ, ದಯವಿಟ್ಟು ಪ್ರಾರ್ಥಿಸಿ" ಅಂತ ವಾಟ್ಸಾಪ್ ಗ್ರೂಪಿನಾಗ ಹಾಕಿದ್ರ ಅದು ಪ್ರಾರ್ಥನೆ ಆಗೂದಿಲ್ಲ, ಕೆಳಗ ಎಷ್ಟು ಆಮೆನ್ ಬಂದ್ರೂ ಆಗೂದಿಲ್ಲ. ಹಾಕಿದವರ ಮನಸ್ಸು ಒಳ್ಳೇದ ಇರಬೌದು, ಆದ್ರ ಆ ಸಹೋದರಿ ಮುಂದಿನ ಐತವಾರ ಆರಾಧನಿಗೆ ಬರೂದ ಬಿಡ್ತಾಳ, ಇದನ್ನ ನಾ ಕಣ್ಣಾರೆ ನೋಡೀನಿ.

ಮತ್ತಾಯ 18ನೇ ಅಧ್ಯಾಯದಾಗ 15ನೇ ವಚನದಿಂದ ಯೇಸು ಹೇಳಿದ ಕ್ರಮ ನಮಗೆಲ್ಲಾ ಬಾಯಿಪಾಠ ಐತಿ. ನಿನ್ನ ಸಹೋದರ ತಪ್ಪು ಮಾಡಿದ್ರ ನೀನ ಹೋಗು, ನೀವಿಬ್ಬರ ಇದ್ದಾಗ ತಿಳಿಸು. ಕೇಳಲಿಲ್ಲ ಅಂದ್ರ ಒಬ್ಬರನ್ನೋ ಇಬ್ಬರನ್ನೋ ಕರಕೊಂಡ ಹೋಗು. ಅದಕ್ಕೂ ಕೇಳಲಿಲ್ಲ ಅಂದ್ರ ಸಭೆಗೆ ಹೇಳು. ನಾವು ಇದನ್ನ ಉಲ್ಟಾ ಮಾಡೇವಿ, ಮೊದಲು ಸಭೆಗೆ ಗೊತ್ತು, ಆಮೇಲೆ ಇಬ್ಬರು ಮೂವರು ನಡುವ ಬೀಳ್ತಾರ, ಇಬ್ಬರ ಕುಂತು ಮಾತಾಡೂದು ಕಡೀಗೆ, ಅಷ್ಟೊತ್ತಿಗೆ ಎರಡೂ ಕಡೆ ಮರ್ಯಾದಿ ಪ್ರಶ್ನೆ ಆಗಿರತೈತಿ. ಗುಟ್ಟಿನಾಗ ತಪ್ಪು ಒಪ್ಪಿಕೊಳ್ಳೂದು ಮನುಷ್ಯಾಗ ಸಾಧ್ಯ ಐತ್ರಿ, ಹತ್ತು ಮಂದಿ ನೋಡಾಕತ್ತಾಗ ಬಾಳ ಕಷ್ಟ, ಆ ಮೊದಲನೇ ಹೆಜ್ಜಿ ಹಿಂದಿನ ವಿವೇಕ ಇದ. ಇನ್ನ ಕಡೀ ಮಾತು, ಸಭೆಗೂ ಕಿವಿಗೊಡದಿದ್ರ ಅವನು ನಿನಗ ಅನ್ಯನಂಗ, ಸುಂಕದವನಂಗ ಇರಲಿ ಅನ್ನೋದು, ಇದನ್ನ ಹಿಡದು ಹೊರಗ ಹಾಕೂ ಮಂದಿ ಒಂದ ವಿಚಾರ ಮಾಡಬೇಕು, ಮಂದಿ ದೂರ ಇಟ್ಟಿದ್ದ ಆ ಸುಂಕ ವಸೂಲಿ ಮಾಡಾವರ ಜೋಡಿನ ಯೇಸು ಕುಂತು ಊಟ ಮಾಡಿದ, ಮತ್ತಾಯ 9ರಾಗ ನೋಡಿದ್ರ ಆ ಮತ್ತಾಯನ ಸುಂಕದ ಕಟ್ಟಿಮ್ಯಾಲ ಕುಂತಿದ್ದವ.

ಸರಿ, ಹೋಗಿ ಏನಂತ ಮಾತಾಡೂದು? ತಿಣುಕಾಡೂದು ಇಲ್ಲೇ. ಒಂದ ಉದಾಹರಣಿ ಹೇಳ್ತೀನಿ, ಗುರುತು ಸಿಗದಂಗ ಸ್ವಲ್ಪ ಬದಲಿ ಮಾಡೀನಿ. ಇಬ್ಬರು ನೆಗೆಣ್ಯಾರು, ಒಂದ ಸಭೆ, ಒಂದ ಬೆಂಚಿನ ಆ ತುದೀಗೆ ಒಬ್ಬಾಕಿ ಈ ತುದೀಗೆ ಒಬ್ಬಾಕಿ, ಮಾತು ಬಿಟ್ಟು ವರ್ಷದ ಮ್ಯಾಲ ಆಗಿತ್ತು. ಅತ್ತಿ ದವಾಖಾನಿಯೊಳಗ ಇದ್ದಾಗ ಶುರು ಆದದ್ದು. ಹಿರೇಕಿ ಮೊದಲ ಮಾತಿಗೇ "ಆಕಿ ಯಾವಾಗ್ಲೂ ನಮ್ಮನ್ನ ಕೀಳಾಗಿ ನೋಡ್ತಾಳ್ರಿ" ಅಂದ್ಲು. ಈ ಯಾವಾಗ್ಲೂ ಅನ್ನೋ ಮಾತು ಬಂತು ಅಂದ್ರ ಮುಂದಿನವರು ತಮ್ಮನ್ನ ಕಾಪಾಡಿಕೊಳ್ಳಾಕ ಶುರು ಮಾಡ್ತಾರ, ಕೇಳೂದು ಅಲ್ಲಿಗೆ ಮುಗೀತು. ನಾ ಕೇಳಿದೆ, ಯಾವ ದಿವಸ, ಎಲ್ಲಿ, ಏನಂದ್ಲು, ಆಕಿ ಬಾಯಿಂದ ಬಂದ ಶಬ್ದ ಏನು? ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ಲು, "ಕ್ರಿಸ್ಮಸ್ ಊಟಕ್ಕ ಎಲ್ಲಾರೂ ಕುಂತಾಗ ಆಕಿ 'ನಾವು ರೊಕ್ಕಾ ಕೊಟ್ಟೇವಿ, ಇನ್ನೇನ್ ಮಾಡಬೇಕಿತ್ತು' ಅಂದ್ಲು." ನೋಡ್ರಿ, ಈಗ ಮಾತಾಡಾಕ ಒಂದ ವಿಷಯ ಸಿಕ್ತು, ಆಕೀ ಇಡೀ ಸ್ವಭಾವದ ವಿಚಾರಣಿ ಮಾಡೂ ಕೆಲಸ ತಪ್ಪಿತು.

ಆಮೇಲೆ ಕಿರೇಕಿಗೆ ನಾ ಹೇಳಿದೆ, ಉತ್ತರ ಕೊಡಬ್ಯಾಡ, ಅಕ್ಕ ಹೇಳಿದ್ದನ್ನ ನಿನ್ನ ಮಾತಿನಾಗ ತಿರುಗಿ ಹೇಳು, ಹೌದು ಇದ ನಾ ಹೇಳಿದ್ದು ಅಂತ ಆಕಿ ಒಪ್ಪೂತನಕ. ಕಿರೇಕಿ ಶುರು ಮಾಡಿದ್ದು "ಅಂದ್ರ ರೊಕ್ಕಾ ಕೊಟ್ಟಿದ್ದು ತಪ್ಪಾತು ಅಂತೀರಿ" ಅಂತ. ಅಲ್ಲ. ಮತ್ತ ಹೇಳಿಸಿದೆ. ಕಡೀಗೆ "ರಾತ್ರಿ ದವಾಖಾನಿಯೊಳಗ ನೀವೊಬ್ಬರ ಕುಂತಿದ್ರಿ, ನಾವು ಒಂದ ಫೋನ್ ಸೈತ ಮಾಡಲಿಲ್ಲ, ರೊಕ್ಕಾದ ಮಾತಲ್ಲ ಇದು" ಅಂದ್ಲು, ಹಿರೇಕಿ ಅಳಾಕತ್ಲು. ಕಿರೇಕಿ ಮನಸ್ಸಿನಾಗೂ ಒಂದ ಇತ್ತು, ಸಣ್ಣ ಕೂಸು ಇದ್ದದ್ದಕ್ಕ ದವಾಖಾನಿಗೆ ಬರಬ್ಯಾಡ ಅಂತ ಅತ್ತೀನ ಹೇಳಿದ್ರಂತ, ಅದು ಹಿರೇಕಿಗೆ ಗೊತ್ತ ಇರಲಿಲ್ಲ. ಪೂರಾ ಕೇಳದ ಉತ್ತರ ಕೊಡೂದು ಮೂರ್ಖತನ ಅಂತ ಜ್ಞಾನೋಕ್ತಿ 18:13 ಹೇಳತೈತಿ, ಯಾಕೋಬ 1:19 ಕಿವಿಗೆ ಅವಸರ ಇರಲಿ, ಬಾಯಿಗೂ ಸಿಟ್ಟಿಗೂ ನಿಧಾನ ಇರಲಿ ಅಂತೈತಿ. ಈ ವಚನ ಗ್ವಾಡಿಮ್ಯಾಲಿನ ಕ್ಯಾಲೆಂಡರಿನಾಗ ಇರ್ತಾವ, ಆದ್ರ ಹಿಂಗ ಎದುರುಬದುರು ಕುಂತು ಮಾಡಿ ನೋಡಿದಾಗ ಅದು ಎಷ್ಟು ಬಿಗಿ ಕೆಲಸ ಅಂತ ತಿಳಿತೈತಿ.

ಸಿಟ್ಟಿನ ಬಗ್ಗೆ ಒಂದ ತಪ್ಪು ತಿಳುವಳಿಕಿ ನಮ್ಮ ಹೊಸಾ ಜೋಡಿಗಳೊಳಗ ಬಾಳ ಐತಿ. ಹೊತ್ತು ಮುಳುಗೂದ್ರಾಗ ಸಿಟ್ಟು ಬಿಡ್ರಿ ಅಂತ ಎಫೆಸ 4:26 ಐತಲ್ಲ, ಅದನ್ನ ಹಿಡಕೊಂಡು ರಾತ್ರಿ ಎರಡರ ತನಕ ಜಗಳ ಮುಗಸಾಕ ಕುಂದರತಾರ, ಅದು ಮುಗಿಯೂದಿಲ್ಲ, ಹೆಚ್ಚಾಗತೈತಿ. ಆ ವಚನದ ಮೊದಲ ಭಾಗ, ಸಿಟ್ಟು ಬಂದ್ರೂ ಪಾಪ ಮಾಡಬ್ಯಾಡ್ರಿ ಅನ್ನೂದನ್ನ, ಅಪೊಸ್ತಲ ಪೌಲ ತಗೊಂಡದ್ದು 4ನೇ ಕೀರ್ತನೆಯಿಂದ, ಅಲ್ಲಿ ಮುಂದಿನ ಮಾತ ಹಾಸಿಗಿಮ್ಯಾಲ ಮನಸ್ಸಿನಾಗ ವಿಚಾರ ಮಾಡಿ ಸುಮ್ಮನಿರ್ರಿ ಅಂತ ಐತಿ. ಅಂದ್ರ ಸಿಟ್ಟನ್ನ ಸಾಕಬ್ಯಾಡ್ರಿ ಅಂತ ಹೇಳಿದ್ದು, ನಿದ್ದಿಗೆಟ್ಟು ವಾದಾ ಮಾಡ್ರಿ ಅಂತಲ್ಲ. ಗಂಡಾಹೆಂಡತಿ ಜಗಳದ ಮ್ಯಾಲ ದಶಕಗಟ್ಟಲೆ ಸಂಶೋಧನೆ ಮಾಡಿದ ಅಮೆರಿಕದ ಜಾನ್ ಗಾಟ್‌ಮನ್ ಅವರೂ ಇದನ್ನ ಹೇಳ್ತಾರ, ಎದಿ ಬಡಿತ ನಿಮಿಷಕ್ಕ 100 ದಾಟಿತು ಅಂದ್ರ ಮುಂದಿನವರ ಮಾತು ತಲಿಯೊಳಗ ಇಳಿಯೂದ ಇಲ್ಲ, ಕಡಿಮಿ ಅಂದ್ರ 20 ನಿಮಿಷ ಬಿಟ್ಟಿರಬೇಕು. ಆದ್ರ ಬಿಟ್ಟು ಹೋಗೂ ಮುಂದ "ನಾಳೆ ಚಹಾ ಕುಡದ ಮ್ಯಾಲ ಮಾತಾಡೂಣು" ಅಂತ ಟೈಮ್ ಹೇಳಿ ಹೋಗ್ರಿ, ಬಾಗಲಾ ಬಡದು ಹೋದ್ರ ಅದು ಇನ್ನೊಂದು ಜಗಳ.

ಆಸ್ತಿ ಜಗಳದಾಗ ನಾ ವಚನಕ್ಕಿಂತ ಮೊದಲು ಕಾಯ್ದೆ ಹೇಳ್ತೀನಿ. ಯಾಕಂದ್ರ ಬಾಳ ಕುಟುಂಬದಾಗ ಅಣ್ಣಗೋಳು ಹೆಣ್ಣಮಕ್ಕಳಿಗೆ ಏನೂ ಬರೂದಿಲ್ಲ ಅಂತ ತಿಳಕೊಂಡಿರ್ತಾರ, ತಂಗಿ ಪಾಲು ಕೇಳಿದ್ಲು ಅಂದ್ರ ದುರಾಸೆ ಅಂತಾರ. ಕ್ರೈಸ್ತರಿಗೆ ಇಲ್ಲಿ ನಡಿಯೂದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ, ತಂದಿ ವಿಲ್ ಬರೀದ ಹೋದ್ರ ತಾಯಿಗೆ ಮೂರರಾಗ ಒಂದು ಪಾಲು, ಉಳಿದದ್ದು ಗಂಡು ಹೆಣ್ಣು ಎಲ್ಲಾ ಮಕ್ಕಳಿಗೂ ಸಮ ಸಮ. ಆಲಮಟ್ಟಿ ಹಿನ್ನೀರಿಗೆ ಮನಿ ಹೊಲ ಹೋಗಿ ಪರಿಹಾರದ ರೊಕ್ಕಾ ಬಂದ ಬಾಗಲಕೋಟಿ ಕಡೆ ಕುಟುಂಬಗಳಿಗೂ ಇದ ಲೆಕ್ಕ. ಹಕ್ಕು ಏನಂತ ತಿಳಿದ ಮ್ಯಾಲ ಅದನ್ನ ತಗೊಳ್ಳೂದೋ ಬಿಡೂದೋ ಆಕೀ ಮನಸ್ಸು, ಬಿಡು ಅಂತ ವಚನ ಹೇಳಿ ಒತ್ತಾಯ ಮಾಡೂದು ಮೋಸ. ಪಾಲು ಹಂಚಿಕೊಡು ಅಂತ ಒಬ್ಬಾವ ಕೇಳಿದಾಗ ಯೇಸು, ನನ್ನನ್ನ ನಿಮಗ ನ್ಯಾಯಾಧಿಪತಿ ಮಾಡಿದವರ್ಯಾರು ಅಂದ, ಅದು ಲೂಕ 12ರಾಗ ಐತಿ, ಪಾಸ್ಟರುಗಳೂ ಕಮಿಟಿಯವರೂ ಪಂಚರಾಗಿ ಕುಂದ್ರೂ ಮುಂದ ಅದನ್ನ ಒಂದ ಸಲ ಓದಬೇಕು ಅಂತ ನನ್ನ ವಿನಂತಿ.

ಸಭೆಯೊಳಗಿನ ದೊಡ್ಡ ಜಗಳ ಅಂದ್ರ ಭಾಷಾದ್ದು. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ 1820ರಾಗ ಬೆಳಗಾವಿಗೆ ಬಂದ್ರು, ದಂಡಿನ ಜೋಡಿ ತಮಿಳು ಮಂದಿ ಬಂದ್ರು, ಗೋವಾ ಕಡಿಂದ ಕೊಂಕಣಿಯವರು, ಕನ್ನಡದವರೂ ಮರಾಠಿಯವರೂ ಇಲ್ಲೇ ಇದ್ದವರು. ಯಾರ ಹಾಡು ಎಷ್ಟು, ಕ್ರಿಸ್ಮಸ್ ಪ್ರಸಂಗ ಯಾವ ಭಾಷಾದಾಗ ಅಂತ ಶುರು ಆಗಿ ವರ್ಷಾನುಗಟ್ಟಲೆ ನಡಿತೈತಿ. ಅಪೊಸ್ತಲರ ಕೃತ್ಯಗಳು 6ರಾಗ ಇಂಥಾದ್ದ ಬಂದಿತ್ತು, ದಿನದ ಊಟ ಹಂಚೂಮುಂದ ತಮ್ಮ ವಿಧವೆಯರನ್ನ ಬಿಟ್ಟಾರ ಅಂತ ಗ್ರೀಕ್ ಮಾತಾಡೂ ಮಂದಿ ಗೊಣಗಿದ್ರು. ಅಪೊಸ್ತಲರು ಗೊಣಗಬ್ಯಾಡ್ರಿ ಅನ್ನಲಿಲ್ಲ, ಎಲ್ಲಾರನ್ನೂ ಕರದು ಏಳು ಮಂದಿನ್ನ ಆರಿಸ್ರಿ ಅಂದ್ರು. ಆರಿಸಿದ ಸ್ತೆಫನ, ಫಿಲಿಪ್ಪ ಇತ್ಯಾದಿ ಏಳೂ ಹೆಸರು ಗ್ರೀಕ್ ಹೆಸರ. ಹಂಚೂ ಕೆಲಸಾನ ದೂರು ಇದ್ದ ಕಡಿಯವರ ಕೈಯಾಗ ಕೊಟ್ರು ಅನ್ನೂವಂಗ ಕಾಣತೈತಿ ನನಗ. ನಮ್ಮ ಆರಾಧನಾ ಕಮಿಟಿಯೊಳಗ ಸಣ್ಣ ಗುಂಪಿನವರನ್ನ ಸುಮ್ಮನ ಸದಸ್ಯ ಮಾಡದ ಹಾಡು ಆರಿಸೂ ಅಧಿಕಾರಾನ ಕೊಟ್ಟು ನೋಡ್ರಿ.

ಎಲ್ಲಾ ಜಗಳಾ ಕೂಡಿ ಮುಗಿಯೂದಿಲ್ಲ. ಪೌಲ, ಅವನ ಜೋಡಿ ಸೇವಾ ಮಾಡ್ತಿದ್ದ ಬಾರ್ನಬ ಇಬ್ಬರೂ ಮಾರ್ಕನ್ನ ಕರಕೊಂಡ ಹೋಗೂದೋ ಬ್ಯಾಡೋ ಅಂತ ತೀಕ್ಷ್ಣ ವಾದಾ ಮಾಡಿ ಬ್ಯಾರೆ ಆದ್ರು, ಬಾರ್ನಬ ಮಾರ್ಕನ್ನ ಕರಕೊಂಡು ಸೈಪ್ರಸ್ಸಿಗೆ, ಪೌಲ ಸೀಲನ್ನ ಕರಕೊಂಡು ಸಿರಿಯಾ ಕಡೆ. ವರ್ಷಗಳಾದ ಮ್ಯಾಲ ಪೌಲ 2 ತಿಮೊಥೆ 4:11ರಾಗ ಅದ ಮಾರ್ಕನ್ನ ಕರಕೊಂಡ ಬಾ, ನನಗ ಉಪಯೋಗ ಆಗ್ತಾನ ಅಂತ ಪತ್ರ ಬರ್ಸಿದ. ದೂರ ಇದ್ದೂ ಕೆಟ್ಟ ಮಾತಾಡದ ಇರೂದು ಒಂದ ದಾರಿ.

ಕಡೀಗೆ, ಮ್ಯಾಲೆ ಹೇಳಿದ್ದ ಯಾವುದೂ ಹೊಡಿಯೂ ಮನಿಗೆ ಹೊಂದೂದಿಲ್ಲ. ಗಂಡ ಕೈ ಎತ್ತತಾನ ಅಂದ್ರ ನೀನ ಹೋಗಿ ಒಬ್ಬಾಕಿನ ಮಾತಾಡು ಅಂತ ಮತ್ತಾಯ 18 ಹಿಡದು ಹೇಳೂದು ಆಕಿ ಜೀವಕ್ಕ ಅಪಾಯ, ಎಪ್ಪತ್ತೇಳು ಸಲ ಕ್ಷಮಿಸು ಅಂತ ತಿರುಗಿ ಕಳಸೂದು ಇನ್ನೂ ಕೆಟ್ಟದ್ದು. ಕ್ಷಮಿಸೂದು ಬ್ಯಾರೆ, ಆ ಮನ್ಯಾಗ ಮತ್ತ ಇರೂದು ಬ್ಯಾರೆ. ಇಂಥಾ ಕೇಸಿನಾಗ ನಾ ಇಬ್ಬರನ್ನೂ ಕೂಡ್ಸಿ ಮಾತಾಡ್ಸೂದಿಲ್ಲ, ಆಕೀನ್ನ ಬ್ಯಾರೆ ಕರದು ರಾತ್ರಿ ಇರಾಕ ಸುರಕ್ಷಿತ ಜಾಗಾ ಐತೇನು ಅಂತ ಮೊದಲು ಕೇಳ್ತೀನಿ, ಮಹಿಳಾ ಸಹಾಯವಾಣಿ 181, ತುರ್ತು ಇದ್ರ 112 ಬರಕೊಡ್ತೀನಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯೊಳಗ ರಕ್ಷಣಾ ಆದೇಶನೂ ಸಿಗತೈತಿ, ಅದ ಮನ್ಯಾಗ ಇರೂ ಹಕ್ಕೂ ಸಿಗತೈತಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಾಗ ಹೆಣ್ಣಮಕ್ಕಳಿಗೆ ಆದಾಯ ಎಷ್ಟ ಇದ್ರೂ ವಕೀಲರು ಪುಕ್ಕಟೆ, ಇದನ್ನ ನಿಮ್ಮ ಮಹಿಳಾ ಕೂಟದಾಗ ಒಂದ ದಿವಸ ಓದಿ ಹೇಳ್ರಿ.